ಅಳಿಸುವ ತಾರೀಖು

(ಒಬ್ಬರು ಮಲೆನಾಡಿನ ತಾಲ್ಲೂಕೊಂದರಲ್ಲಿ ಹಿರಿಯ ಆರೋಗ್ಯ ನಿರೀಕ್ಷಕರಾಗಿದ್ದು ನಿವೃತ್ತರಾದವರು. ಇನ್ನೊಬ್ಬಳು ಅವರ ಅಣ್ಣನ ಮಗಳು, ಬೆಂಗಳೂರಿನಲ್ಲಿ ವಕೀಲೆ.)

ಚಿಕ್ಕಪ್ಪ: ನಿಮ್ಮ ಖಾಸಗಿತನ ಬೆಂಗಳೂರಿಗೆ ಸರಿ ಮಾರಾಯ್ತಿ. ಊರಿಗೆ ಕಾಯಿಲೆ ಬಂದಾಗ ನನ್ನಂಥವನಿಗೆ ಬೇಕಾಗುವುದು ನಾಲ್ಕೇ ವಿಷಯ. ಹೆಸರೇನು, ಮನೆ ಎಲ್ಲಿ, ಫೋನ್ ನಂಬರ್ ಎಷ್ಟು, ಒಂದು ವಾರದಿಂದ ಎಲ್ಲೆಲ್ಲಿ ತಿರುಗಿದ್ದೀ. ಇದನ್ನೂ ಕೇಳಬಾರದು ಅಂದರೆ ಜಗಲಿಯಲ್ಲಿ ಕೂತು ಕವಳ ಹಾಕಬೇಕಷ್ಟೆ.

ಮಗಳು: ಕೇಳಬೇಡಿ ಅಂತ ಯಾರು ಹೇಳಿದರು? ಕೇಳಲೇಬೇಕು. ಕೇಳಿ ಬರೆದುಕೊಂಡದ್ದು ಆಮೇಲೆ ಯಾರ ಕೈಗೆ ಹೋಯಿತು, ಎಷ್ಟು ದಿನ ಉಳಿಯಿತು ಅನ್ನುವುದಷ್ಟೇ ನನ್ನ ತಕರಾರು.

ಚಿಕ್ಕಪ್ಪ: ತಕರಾರು ನಿಮ್ಮ ಕಸುಬು. ನನ್ನ ಕಸುಬಿನಲ್ಲಿ ಒಂದು ದಿನ ತಡವಾದರೆ ಇನ್ನೊಂದು ಮನೆಗೆ ಜ್ವರ. ಮಂಗನ ಕಾಯಿಲೆಯನ್ನೇ ತಗೋ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು. ಇವತ್ತಿಗೂ ಡಿಸೆಂಬರ್ ಬಂತೆಂದರೆ ಈ ಕಡೆಯ ಆರೋಗ್ಯ ಇಲಾಖೆಗೆ ನಿದ್ದೆಯಿಲ್ಲ. ಕಾಡಿನಲ್ಲಿ ಮಂಗ ಸತ್ತರೆ ಅದರ ಮೈಮೇಲಿನ ಉಣುಗು ಸುತ್ತಲ ನೆಲಕ್ಕೆ ಇಳಿಯುತ್ತದೆ. ತರಗೆಲೆಗೋ ಸೌದೆಗೋ ಆ ಜಾಗಕ್ಕೆ ಹೋದವರಿಗೆ ಕಚ್ಚಿತೆಂದರೆ ಕೆಲವೇ ದಿನದಲ್ಲಿ ಜ್ವರ. ಹಾಗಾಗಿ ಮಲಗಿದವನಿಗೆ ನಾನು ಕೇಳುವ ಮೊದಲ ಪ್ರಶ್ನೆಯೇ 'ಯಾವ ಕಾಡಿಗೆ ಹೋಗಿದ್ದೆ?' ಅವನು ನಿಜ ಹೇಳಿದರೆ ಆ ಕಡೆಯ ಮನೆಗಳಿಗೆಲ್ಲ ಮೈಗೆ ಹಚ್ಚಿಕೊಳ್ಳುವ ಎಣ್ಣೆ ಕೊಟ್ಟು ಬರಬಹುದು, ಆ ಬ್ಯಾಣಕ್ಕೆ ದನ ಹೊಡೆಯಬೇಡಿ ಅನ್ನಬಹುದು.

ಮಗಳು: ನಿಜ ಹೇಳುತ್ತಿದ್ದರೇ?

ಚಿಕ್ಕಪ್ಪ: ಎಲ್ಲಿ ಹೇಳುತ್ತಾರೆ! ಮೊದಲ ಸಲ ಎಲ್ಲರದ್ದೂ ಒಂದೇ ಪಾಠ. 'ಕಾಡಿಗೆ ಹೋಗೇ ಇಲ್ಲ ಸಾರ್, ಮನೇಲೇ ಇದ್ದೆ.' ರಿಸರ್ವ್ ಫಾರೆಸ್ಟ್ ಅಲ್ಲವೇ. ಸೌದೆಗೆ ಹೋದದ್ದೋ, ದಿಮ್ಮಿ ನೋಡಲು ಹೋದದ್ದೋ, ಹಂದಿ ಶಿಕಾರಿಗೆ ಹೋದದ್ದೋ, ನನ್ನ ಪುಸ್ತಕದಲ್ಲಿ ಬರೆದದ್ದು ಗಾರ್ಡಿನ ಕಿವಿಗೆ ಬಿದ್ದರೆ ಕೇಸು. ಆಸರಿಗೆ ಅಂತ ಕೊಟ್ಟ ಬೆಲ್ಲನೀರು ಕುಡಿದು, ಮಳೆ ಬೆಳೆ ಅಡಿಕೆ ರೇಟು ಎಲ್ಲ ಮಾತಾಡಿ, 'ಇದು ಈ ಪುಸ್ತಕ ಬಿಟ್ಟು ಆಚೆ ಹೋಗುವುದಿಲ್ಲ' ಅಂತ ಮಾತು ಕೊಟ್ಟ ಮೇಲೆ ಮೆಲ್ಲಗೆ ಬಾಯಿ ಬಿಡುತ್ತಿದ್ದರು. ಹೆಂಗಸರು ಬೇಗ ಹೇಳುತ್ತಿದ್ದರು. ಗಂಡಸರಿಗೆ ಹೊತ್ತು ಬೇಕು.

ಮಗಳು: ಫಾರೆಸ್ಟ್‌ನವರು ಆ ಪುಸ್ತಕ ಯಾವತ್ತೂ ಕೇಳಲಿಲ್ಲವೇ?

ಚಿಕ್ಕಪ್ಪ: ಒಬ್ಬ ಕೇಳಿದ್ದ. ಬೇಟೆಯ ಕೇಸೊಂದರಲ್ಲಿ ಅವನಿಗೆ ಜಾಡು ಸಿಕ್ಕಿರಲಿಲ್ಲ. 'ನಿಮ್ಮ ರಿಜಿಸ್ಟರಿನಲ್ಲಿ ಇರಬೇಕಲ್ಲ ಸಾರ್, ಒಮ್ಮೆ ನೋಡಿ ಕೊಟ್ಟುಬಿಡ್ತೇನೆ' ಅಂದ. ಕೊಡಲಿಲ್ಲ. ಕೊಟ್ಟಿದ್ದರೆ ಮುಂದಿನ ವರ್ಷ ಆ ಊರಿನ ಒಂದು ನರಪಿಳ್ಳೆಯೂ ನನಗೆ ನಿಜ ಹೇಳುತ್ತಿರಲಿಲ್ಲ. ಎಣ್ಣೆ ಒಂದು ಊರಿಗೆ ಕೊಟ್ಟು, ಜ್ವರ ಇನ್ನೊಂದು ಊರಿನಲ್ಲಿ ಹುಡುಕಬೇಕಾಗುತ್ತಿತ್ತು.

ಮಗಳು: ನೀವು ಕೊಡದ ಪುಸ್ತಕವನ್ನು ಸಿಂಗಪುರದ ಸರ್ಕಾರ ಕೊಟ್ಟಿತು ಚಿಕ್ಕಪ್ಪ. 2020ರ ಮಾರ್ಚ್‌ನಲ್ಲಿ ಅವರು ಟ್ರೇಸ್‌ಟುಗೆದರ್ ಅಂತ ಆ್ಯಪ್ ತಂದರು. ಯಾರ ಫೋನಿನ ಹತ್ತಿರ ಯಾರ ಫೋನ್ ಇತ್ತು ಅಂತ ಅದು ಬ್ಲೂಟೂತ್‌ನಲ್ಲಿ ಗುರುತಿಟ್ಟುಕೊಳ್ಳುತ್ತಿತ್ತು. ಸೋಂಕಿನ ಸಂಪರ್ಕ ಹುಡುಕಲು ಬಿಟ್ಟರೆ ಬೇರೆ ಯಾವುದಕ್ಕೂ ಇಲ್ಲ ಅಂತ ಜನರಿಗೆ ಹೇಳಿದ್ದರು, ಜನ ನಂಬಿ ಹಾಕಿಕೊಂಡರು. 2021ರ ಜನವರಿಯಲ್ಲಿ ಸಂಸತ್ತಿನಲ್ಲಿ ಬೇರೆ ಮಾತು ಬಂತು. ಅಪರಾಧ ತನಿಖೆಗೆ ಪೊಲೀಸರು ಅದನ್ನು ಪಡೆಯಬಹುದು, ಒಂದು ಕೊಲೆ ಪ್ರಕರಣದಲ್ಲಿ ಪಡೆದೂ ಆಗಿದೆ ಅಂತ. ಗಲಾಟೆಯಾದ ಮೇಲೆ ಫೆಬ್ರವರಿಯಲ್ಲಿ ಕಾನೂನು ಮಾಡಿ, 7 ಬಗೆಯ ಗಂಭೀರ ಅಪರಾಧಗಳಿಗೆ ಮಾತ್ರ ಎಂದು ಮಿತಿ ಹಾಕಿದರು.

ಚಿಕ್ಕಪ್ಪ: ಕೊಲೆ ಅಂದ ಮೇಲೆ ಕೊಡಬೇಡವೇ? ಅಷ್ಟಕ್ಕೂ ಮಿತಿ ಹಾಕಿದರಲ್ಲ.

ಮಗಳು: ಹಾಕಿದರು, ಮಾತು ತಪ್ಪಿದ ಮೇಲೆ. ಮೊದಲ ಕಾರಣ ಯಾವಾಗಲೂ ಒಳ್ಳೆಯದೇ ಇರುತ್ತದೆ. ನಿಮ್ಮ ಗಾರ್ಡಿನ ಕಾರಣವೂ ಒಳ್ಳೆಯದೇ, ಬೇಟೆ ಅಪರಾಧವೇ. ಆದರೂ ನೀವು ಕೊಡಲಿಲ್ಲ. ಕಾಯಿಲೆಗೆ ಅಂತ ಕೇಳಿದ್ದು ಕಾಯಿಲೆಗೇ ಅಂತ ನಿಮಗೆ ಯಾವ ಕಾನೂನೂ ಹೇಳಿಕೊಟ್ಟಿರಲಿಲ್ಲ, ಕೆಲಸವೇ ಕಲಿಸಿತ್ತು. ನಮ್ಮಲ್ಲೂ ಕಾಶ್ಮೀರದ ಕುಲ್ಗಾಮ್ ಜಿಲ್ಲೆಯಲ್ಲಿ ಕೇಂದ್ರ ಸರ್ಕಾರದ ಸಂಪರ್ಕ ಪತ್ತೆ ಆ್ಯಪ್ ಆರೋಗ್ಯ ಸೇತುವಿನ ಮಾಹಿತಿ ಪೊಲೀಸರಿಗೆ ಹೋಗಿತ್ತೆಂದು ಮಾಹಿತಿ ಹಕ್ಕಿನ ಅರ್ಜಿಗೆ ಕೊಟ್ಟ ಉತ್ತರದಲ್ಲೇ ಬಂತು.

ಚಿಕ್ಕಪ್ಪ: ನೀನು ಮಂಗನ ಕಾಯಿಲೆಯನ್ನೂ ಕೋವಿಡ್ಡನ್ನೂ ಒಂದೇ ತಕ್ಕಡಿಗೆ ಹಾಕಬೇಡ. ಇದು ಒಂದು ಊರಿನ ಒಂದು ಕೇರಿಯದ್ದು, ಮನುಷ್ಯನಿಂದ ಮನುಷ್ಯನಿಗೆ ಹರಡುವುದೂ ಅಲ್ಲ. ಅದು ಇಡೀ ದೇಶದ್ದು. 2020ರ ಮಾರ್ಚ್‌ನಲ್ಲಿ ನಮಗೆ ಏನೂ ಗೊತ್ತಿರಲಿಲ್ಲ. ಕಲಬುರಗಿಯಲ್ಲಿ ದೇಶದ ಮೊದಲ ಸಾವು ಆಗಿತ್ತು. ವಿಮಾನದಲ್ಲಿ ಬಂದವರು ಎಲ್ಲೆಲ್ಲಿ ಇಳಿದು ಎಲ್ಲೆಲ್ಲಿ ಹೋದರೋ. ಪುಸ್ತಕ ಹಿಡಿದು ಜಗಲಿಯಲ್ಲಿ ಕೂರುವ ಹೊತ್ತೇ ಅದು?

ಮಗಳು: ಹಾಗಾದರೆ ಮನುಷ್ಯನಿಂದ ಮನುಷ್ಯನಿಗೇ ಹೋಗುವ, ಇಡೀ ದೇಶದ ಕಾಯಿಲೆಯನ್ನೇ ತಗೊಳ್ಳೋಣ. ಎಚ್‌ಐವಿಗೆ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಹೇಗೆ ಮಾಡುತ್ತಿದ್ದರು?

ಚಿಕ್ಕಪ್ಪ: ಅದರ ಶಾಸ್ತ್ರವೇ ಬೇರೆ. ಐಸಿಟಿಸಿ ಅಂತ ಸಲಹೆಗೂ ಪರೀಕ್ಷೆಗೂ ಒಂದು ಕೋಣೆ, ಒಳಗೆ ಕೌನ್ಸೆಲರ್ ಒಬ್ಬರೇ. ಹೊರಗೆ ಹೋಗುವ ಕಾಗದದಲ್ಲಿ ಪಿಐಡಿ ನಂಬರಿನ ಮೇಲೇ ವ್ಯವಹಾರ. ರಿಜಿಸ್ಟರಿಗೆ ಬೀಗ. ನಮ್ಮ ಕೌನ್ಸೆಲರ್ ನಾನು ಕೇಳಿದರೂ ತೋರಿಸುತ್ತಿರಲಿಲ್ಲ. 'ನಿಮಗೆ ಅದರಿಂದ ಏನಾಗಬೇಕು ಸಾರ್' ಅನ್ನುತ್ತಿದ್ದಳು. ಗಂಡನಿಗೆ ಬಂದಿದೆ, ಹೆಂಡತಿಗೂ ಪರೀಕ್ಷೆ ಆಗಬೇಕು ಅಂದರೆ ಅವನನ್ನೇ ಕೂರಿಸಿಕೊಂಡು, ಎರಡು ಮೂರು ಸಲ ಕರೆಸಿ, ಒಪ್ಪಿಸಿ, ಆಮೇಲೆ ಅವಳನ್ನು ಕರೆಸುತ್ತಿದ್ದಳು.

ಮಗಳು: ಅದು ಸಂಪರ್ಕ ಪತ್ತೆಯೇ ಅಲ್ಲವೇ? ಒಂದು ಬೋರ್ಡೂ ಹಾಕದೆ, ಒಂದು ಪಟ್ಟಿಯೂ ಹೊರಗೆ ಬಿಡದೆ. ಆಮೇಲೆ 2017ರಲ್ಲಿ ಅದಕ್ಕೆ ಕಾಯಿದೆಯೂ ಬಂತು, 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ರೋಗಿಯ ಒಪ್ಪಿಗೆಯಿಲ್ಲದೆ, ಕಾಯಿದೆ ಹೇಳಿದ ಸಂದರ್ಭ ಬಿಟ್ಟು, ಅವರ ಸ್ಥಿತಿಯನ್ನು ಬಯಲು ಮಾಡುವಂತಿಲ್ಲ. ಮಾಹಿತಿ ಇಟ್ಟುಕೊಂಡವರು ಅದನ್ನು ಕಾಪಾಡಬೇಕು. ಅದೇ ಇಲಾಖೆ, ಅದೇ ಆಸ್ಪತ್ರೆ, ಅದೇ ಜನ ಚಿಕ್ಕಪ್ಪ. ಇಷ್ಟೆಲ್ಲ ಗೊತ್ತಿದ್ದವರು 2020ರ ಮಾರ್ಚ್ ಕೊನೆಯಲ್ಲಿ ಮನೆಯಲ್ಲಿ ಕ್ವಾರಂಟೈನ್ ಆದವರ ವಿಳಾಸಗಳನ್ನು ಜಿಲ್ಲಾವಾರು ಪಟ್ಟಿ ಮಾಡಿ ವೆಬ್‌ಸೈಟಿಗೆ ಹಾಕಿದರು. ಮನೆ ನಂಬರು, ರಸ್ತೆ, ಬಡಾವಣೆ. ಮನೆ ನಂಬರು ಕೊಟ್ಟ ಮೇಲೆ ಇನ್ನೇನು ಉಳಿಯಿತು? ಬೆಳಗಾಗುವುದರೊಳಗೆ ಪ್ರತಿ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆ ಪಿಡಿಎಫ್.

ಚಿಕ್ಕಪ್ಪ: ನೆರೆಯವರು ಎಚ್ಚರವಾಗಿರಲಿ ಅಂತ ಹಾಕಿದ್ದು. ಅವರೇನಾದರೂ ಹೊರಗೆ ಬಂದರೆ ಯಾರಾದರೂ ಹೇಳಲಿ ಅಂತ.

ಮಗಳು: ಅಂದರೆ ಆರೋಗ್ಯ ಇಲಾಖೆಯ ಕೆಲಸವನ್ನು ಪಕ್ಕದ ಮನೆಯವರಿಗೆ ಹಂಚಿದ್ದು. ಪಕ್ಕದ ಮನೆಯವರಿಗೆ ಥರ್ಮಾಮೀಟರ್ ಹಿಡಿಯಲು ಬರುವುದಿಲ್ಲ, ಬಾಗಿಲು ಮುಚ್ಚಲು ಬರುತ್ತದೆ. ಬಾಡಿಗೆ ಮನೆ ಬಿಡಿ ಅಂದವರಿದ್ದರು. ಕೆಲಸದವಳನ್ನು ಬರಬೇಡ ಅಂದರು. ಕ್ವಾರಂಟೈನ್ ಮುಗಿದು, ಪರೀಕ್ಷೆಯಲ್ಲಿ ನೆಗೆಟಿವ್ ಬಂದ ಮೇಲೂ ಪಟ್ಟಿಯಲ್ಲಿ ಆ ಮನೆ ನಂಬರು ಹಾಗೇ ಇತ್ತು.

ಚಿಕ್ಕಪ್ಪ: ಕೈಗೆ ಸೀಲೂ ಹಾಕಿದರಲ್ಲ.

ಮಗಳು: ಹೌದು, ಅದೂ ಚುನಾವಣೆಗೆ ಬಳಸುವ ಅಳಿಸಲಾಗದ ಶಾಯಿಯಲ್ಲಿ. ಅದಕ್ಕೆ ಚುನಾವಣಾ ಆಯೋಗ ಒಪ್ಪಿಗೆ ಕೊಡಬೇಕಾಯಿತು. ಆ ಶಾಯಿ ಮಾಡುವುದು ನಮ್ಮ ಮೈಸೂರಿನ ಕಾರ್ಖಾನೆಯಲ್ಲೇ ನೋಡಿ. ಶಾಯಿ ಕೆಲವು ವಾರದಲ್ಲಿ ಚರ್ಮದ ಜೊತೆ ಹೋಗುತ್ತದೆ. ಆ ಮಟ್ಟಿಗೆ ಅದೇ ವಾಸಿ, ಪಿಡಿಎಫ್‌ಗೆ ಚರ್ಮ ಇಲ್ಲ.

ಚಿಕ್ಕಪ್ಪ: ಸೆಲ್ಫಿ ಆ್ಯಪ್ ಕಥೆ ಗೊತ್ತಲ್ಲ ನಿನಗೆ?

ಮಗಳು: ಕ್ವಾರಂಟೈನ್ ವಾಚ್. ಮಾರ್ಚ್ 30ಕ್ಕೆ ಆದೇಶ. ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ. ಫೋಟೊ ಜೊತೆಗೆ ಜಿಪಿಎಸ್ ಜಾಗವೂ ಹೋಗಬೇಕು. ಕಳಿಸದಿದ್ದರೆ ಸರ್ಕಾರಿ ಕ್ವಾರಂಟೈನ್ ಕೇಂದ್ರಕ್ಕೆ ಎತ್ತಿಕೊಂಡು ಹೋಗುತ್ತೇವೆ ಅಂತ ಎಚ್ಚರಿಕೆ.

ಚಿಕ್ಕಪ್ಪ: ಅದು ನಿನ್ನ ಬೆಂಗಳೂರಿನ ಲೆಕ್ಕ. ನಮ್ಮಲ್ಲಿ ಏನಾಯಿತು ಅಂತ ಕೇಳು. ಹೊಳೆಯಾಚೆಯ ಮನೆ. ಹುಡುಗ ವಿದೇಶದಿಂದ ಬಂದಿದ್ದ, ಪಾಪ, ಶಿಸ್ತಿನವನು. ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಮನೆ ಹಿಂದಿನ ಗುಡ್ಡ ಹತ್ತಿ, ಗೇರುಮರದ ಹತ್ತಿರ ನಿಂತರೆ ಎರಡು ಕಡ್ಡಿ ಬರುತ್ತದೆ. ಊರಿನ ಅರ್ಧ ಜನ ಫೋನ್ ಮಾಡಲು ಬಂದು ನಿಲ್ಲುವ ಜಾಗವೇ ಅದು. ನಾನು ಮನೆಯೊಳಗೇ ಇದ್ದೇನೆ ಅಂತ ಸರ್ಕಾರಕ್ಕೆ ತೋರಿಸಲು ಈ ಹುಡುಗ ಗಂಟೆಗೊಂದು ಸಲ ಮನೆ ಬಿಟ್ಟು ಗುಡ್ಡ ಹತ್ತುತ್ತಿದ್ದ. ಫೋಟೊದಲ್ಲಿ ಹಿಂದೆ ಕಾಡು ಕಾಣುತ್ತದೆ ಅಂತ ಮೇಲಿಂದ ಫೋನು, 'ಯಾಕೆ ಹೊರಗೆ ಹೋದೆ?' ಕೊನೆಗೆ ನಾನೇ ತಹಶೀಲ್ದಾರರಿಗೆ ಹೇಳಿ, ಆಶಾ ಕಾರ್ಯಕರ್ತೆ ದಿನಕ್ಕೆ ಎರಡು ಸಲ ಅಂಗಳದಲ್ಲಿ ನಿಂತು ಕರೆದು ನೋಡಿ ಬರುವುದು ಅಂತ ಮಾಡಿದೆ.

ಮಗಳು: ಆ ಆಶಾ ಕಾರ್ಯಕರ್ತೆ ಏನು ಬರೆದುಕೊಂಡಳು?

ಚಿಕ್ಕಪ್ಪ: ಜ್ವರ ಇದೆಯೇ, ಕೆಮ್ಮು ಇದೆಯೇ, ಉಸಿರಾಟ ಹೇಗಿದೆ, ಮನೆಯಲ್ಲಿ ವಯಸ್ಸಾದವರು ಯಾರು. ಅಕ್ಕಿ ಬೇಳೆ ಇದೆಯೇ ಅಂತಲೂ ಕೇಳುತ್ತಿದ್ದಳು, ಅದು ಫಾರಂನಲ್ಲಿ ಇರಲಿಲ್ಲ.

ಮಗಳು: ಆ್ಯಪ್‌ಗೆ ಬೇಕಾದದ್ದು ಮುಖ ಮತ್ತು ಜಾಗ. ಅವಳಿಗೆ ಬೇಕಾದದ್ದು ಜ್ವರ ಮತ್ತು ಉಸಿರು. ಮುಖದ ರಾಶಿ ರಾಶಿ ಫೋಟೊಗಳಿಂದ ಒಬ್ಬರ ಕೆಮ್ಮೂ ಕೇಳಿಸುವುದಿಲ್ಲ. ಹೆಚ್ಚು ಮಾಹಿತಿ ಇದ್ದರೆ ಹೆಚ್ಚು ಆರೋಗ್ಯ ಅನ್ನುವುದು ಕಚೇರಿಯಲ್ಲಿ ಕೂತವರ ನಂಬಿಕೆ.

ಚಿಕ್ಕಪ್ಪ: ಅದನ್ನು ಒಪ್ಪಿದೆ. ಇನ್ನೊಂದನ್ನೂ ಹೇಳಿಬಿಡುತ್ತೇನೆ, ನಿನ್ನ ವಾದಕ್ಕೇ ಬಲ ಬರುತ್ತದೆ, ಬರಲಿ. ಆ ವರ್ಷ ಮೇ ತಿಂಗಳಲ್ಲಿ ಮುಂಬೈಯಿಂದ ಜನ ಬಂದರು. ಸರ್ಕಾರದ ಸೇವಾಸಿಂಧು ಪೋರ್ಟಲ್‌ನಲ್ಲಿ ಪಾಸು ಮಾಡಿಸಿಕೊಂಡು ಬಂದವರೇ, ಕದ್ದು ಬಂದವರಲ್ಲ. ಒಂದು ಮನೆಯಲ್ಲಿ ತಾಯಿ ಮಗಳು ಇಬ್ಬರಿಗೂ ಪಾಸಿಟಿವ್. ಬುಲೆಟಿನ್‌ನಲ್ಲಿ ರೋಗಿಯ ಪಿ ನಂಬರು, ವಯಸ್ಸು, ತಾಲ್ಲೂಕು ಇಷ್ಟೇ. ಆದರೆ ಮುಂಬೈಯಿಂದ ಬಂದ ಆ ವಯಸ್ಸಿನ ತಾಯಿ ಮಗಳು ತಾಲ್ಲೂಕಿನಲ್ಲಿ ಎಷ್ಟು ಮನೆಯಲ್ಲಿರುತ್ತಾರೆ? ಟಿವಿಯವರು 'ಟ್ರಾವೆಲ್ ಹಿಸ್ಟರಿ' ಅಂತ ಓದುವುದರೊಳಗೆ ಊರಿಗೆ ಊರೇ ಹೆಸರು ಹೇಳುತ್ತಿತ್ತು. ಸೀಲ್‌ಡೌನ್ ಅಂತ ಗಳ ಕಟ್ಟಿದರು. ಮಾರನೇ ದಿನ ಬೆಳಗ್ಗೆ ಡೇರಿಯಲ್ಲಿ ಅವರ ಮನೆಯ ಹಾಲು ಹಾಕಿಸಿಕೊಳ್ಳಲಿಲ್ಲ. ಹಾಲು ತಂದವನು ಅವರ ಮೈದುನ, ಅವನು ಬೇರೆ ಮನೆ, ಅವರನ್ನು ಮುಖತಃ ನೋಡಿಯೂ ಇರಲಿಲ್ಲ. ಕ್ಯಾನು ಹಿಡಿದುಕೊಂಡು ಬಂದ ದಾರಿಯಲ್ಲೇ ವಾಪಸು ಹೋದ.

ಮಗಳು: ಆಮೇಲೆ?

ಚಿಕ್ಕಪ್ಪ: ಆಮೇಲೆ ಏನು, ಊರಿನಲ್ಲಿ ಯಾರಿಗೂ ಜ್ವರವೇ ಬರಲಿಲ್ಲ! ಮನೆಮನೆಗೆ ಹೋಗಿ ಕೇಳಿದರೆ ಎಲ್ಲರೂ ಆರೋಗ್ಯವಂತರು. ಮೆಡಿಕಲ್ ಶಾಪಿನವನು ಮಾತ್ರ ಡೋಲೋ ಸ್ಟಾಕ್ ಖಾಲಿ ಅನ್ನುತ್ತಿದ್ದ. ಪರೀಕ್ಷೆಗೆ ಬಂದವರಲ್ಲಿ ಕೆಲವರು ಪಕ್ಕದ ತಾಲ್ಲೂಕಿನ ವಿಳಾಸ ಕೊಟ್ಟರು, ಕೆಲವರು ಅಳಿಯನ ಫೋನ್ ನಂಬರು ಕೊಟ್ಟರು. ಉಸಿರು ಕಟ್ಟಿದ ಮೇಲೆ ಆಸ್ಪತ್ರೆಗೆ ತಂದವರಲ್ಲಿ ಒಬ್ಬ ಅಜ್ಜ ಉಳಿಯಲಿಲ್ಲ. ನಾಲ್ಕು ದಿನ ಮೊದಲೇ ತಂದಿದ್ದರೆ ಅನ್ನುವುದನ್ನು ನಾನು ಅವರ ಮನೆಯವರ ಎದುರು ಆಡಲಿಲ್ಲ.

ಮಗಳು: ಖಾಸಗಿತನ ಅಂದರೆ ಉಳ್ಳವರ ಶೋಕಿ, ಕಾಯಿಲೆ ಕಾಲದಲ್ಲಿ ಅದನ್ನು ಬದಿಗಿಡಬೇಕು ಅಂತ ಎಷ್ಟು ಜನ ಹೇಳುತ್ತಾರೆ. ಅದನ್ನು ಬದಿಗಿಟ್ಟದ್ದಕ್ಕೇ ಅಜ್ಜ ತಡವಾಗಿ ಬಂದದ್ದು. ಸುಪ್ರೀಂ ಕೋರ್ಟಿಗೂ ಇದು ಅರ್ಥವಾಗಲು 2020ರ ಡಿಸೆಂಬರ್ ಬೇಕಾಯಿತು. ರೋಗಿಗಳ ಬಾಗಿಲಿಗೆ ಪೋಸ್ಟರ್ ಅಂಟಿಸಿದರೆ ಜನ ಅವರನ್ನು ಅಸ್ಪೃಶ್ಯರಂತೆ ಕಾಣುತ್ತಾರೆ ಅಂತ ವಿಚಾರಣೆಯಲ್ಲಿ ನ್ಯಾಯಮೂರ್ತಿಗಳೇ ಅಂದರು. ಡಿಸೆಂಬರ್ 9ರ ಆದೇಶದಲ್ಲಿ, ವಿಪತ್ತು ನಿರ್ವಹಣಾ ಕಾಯಿದೆಯಡಿ ಅಧಿಕಾರವುಳ್ಳವರು ನಿರ್ದಿಷ್ಟವಾಗಿ ಹೇಳದ ಹೊರತು ರಾಜ್ಯಗಳು ಪೋಸ್ಟರ್ ಹಚ್ಚಬೇಕಿಲ್ಲ ಅಂತ ಆಯಿತು. ಅಷ್ಟರೊಳಗೆ ಹಚ್ಚುವುದೆಲ್ಲ ಹಚ್ಚಿ ಆಗಿತ್ತು. ಬೆಂಗಳೂರಿನ ದೊಮ್ಮಲೂರಿನಲ್ಲಿ ಜುಲೈ ತಿಂಗಳಲ್ಲಿ ಎರಡು ಫ್ಲ್ಯಾಟುಗಳ ಬಾಗಿಲಿಗೆ ತಗಡೇ ಹೊಡೆದಿದ್ದರು. ಫೋಟೊ ಹರಿದಾಡಿದ ಮೇಲೆ ಪಾಲಿಕೆ ಆಯುಕ್ತರು ಕ್ಷಮೆ ಕೇಳಿ ತೆಗೆಸಿದರು.

ಚಿಕ್ಕಪ್ಪ: ತಪ್ಪು ನಮ್ಮ ಇಲಾಖೆಯದ್ದೊಂದೇ ಅಲ್ಲ. ನಮ್ಮ ಕೈಯಲ್ಲಿದ್ದ ಕಾಯಿದೆ ಯಾವುದು? ಬ್ರಿಟಿಷರ ಕಾಲದ್ದು, 1897ರದ್ದು. ಬೊಂಬಾಯಿಯ ಪ್ಲೇಗಿಗೆ ಮಾಡಿದ್ದು.

ಮಗಳು: ನಾಲ್ಕೇ ಕಲಮುಗಳ ಕಾಯಿದೆ. ಸರ್ಕಾರ ಬೇಕಾದ ಕ್ರಮ ತೆಗೆದುಕೊಳ್ಳಬಹುದು, ತಪ್ಪಿದವರಿಗೆ ಶಿಕ್ಷೆ, ಅಧಿಕಾರಿಗಳ ಮೇಲೆ ದಾವೆ ಹೂಡುವಂತಿಲ್ಲ. ರೋಗಿಗೆ ಏನಾದರೂ ಹಕ್ಕಿದೆ ಅಂತ ಒಂದಕ್ಷರ ಇರಲಿಲ್ಲ. ಅದೇ ವರ್ಷ ಪುಣೆಯಲ್ಲಿ ಸೈನಿಕರನ್ನು ಬಿಟ್ಟು ಮನೆಮನೆ ಶೋಧ ಮಾಡಿಸಿದ ಪ್ಲೇಗ್ ಅಧಿಕಾರಿ ರಾಂಡ್‌ಗೆ ಚಾಪೇಕರ್ ಸೋದರರು ಗುಂಡು ಹೊಡೆದರು. ಮರುವರ್ಷ ಬೆಂಗಳೂರಿಗೆ ಪ್ಲೇಗ್ ಬಂತು. ನಾವು ಶಾಲೆಯಲ್ಲಿ ಮಲ್ಲೇಶ್ವರ, ಬಸವನಗುಡಿ ಹುಟ್ಟಿದ ಕಥೆ ಓದುತ್ತೇವೆ, ಮನೆಯೊಳಗೆ ನುಗ್ಗಿದ ಕಥೆ ಓದುವುದಿಲ್ಲ. ಆದರೆ 2020ರಲ್ಲಿ ಕಾನೂನು ಇರಲಿಲ್ಲ ಅನ್ನುವ ಹಾಗಿಲ್ಲ ಚಿಕ್ಕಪ್ಪ. ಅಷ್ಟು ಹೊತ್ತಿಗೆ ಪುಟ್ಟಸ್ವಾಮಿ ತೀರ್ಪು ಬಂದು ಎರಡೂವರೆ ವರ್ಷ ಆಗಿತ್ತು.

ಚಿಕ್ಕಪ್ಪ: ಆಧಾರ್ ಕೇಸಿನವರಲ್ಲವೇ?

ಮಗಳು: ಅವರೇ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದರು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು, 98ನೇ ವಯಸ್ಸಿನಲ್ಲಿ. ಆ ತೀರ್ಪಿನಲ್ಲಿ ನಿಮ್ಮಂಥವರಿಗೇ ಬರೆದಂತೆ ಒಂದು ಜಾಗವಿದೆ. ಡೆಂಗಿ, ಮಲೇರಿಯಾದಂಥ ಸಾಂಕ್ರಾಮಿಕ ಬಂದಾಗ ಸರ್ಕಾರ ಆಸ್ಪತ್ರೆಯ ದಾಖಲೆಗಳನ್ನು ಅಭ್ಯಾಸ ಮಾಡಬಹುದು, ಅದರ ಮೇಲೆ ಯೋಜನೆ ಮಾಡಬಹುದು, ಆದರೆ ಆ ವ್ಯಕ್ತಿ ಯಾರು ಅನ್ನುವುದು ಗೊತ್ತಾಗದಂತೆ ಕಾಪಾಡಿಕೊಂಡು. ಕೋವಿಡ್ ಬರುವ ಮೊದಲೇ ಬರೆದಿಟ್ಟಿದ್ದರು. ಕಾನೂನಿನ ಆಧಾರ ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟೇ ಇರಬೇಕು ಅಂತ ಅಳತೆಗೋಲನ್ನೂ ಕೊಟ್ಟಿದ್ದರು. ಗಂಟೆಗೊಂದು ಸೆಲ್ಫಿಯನ್ನು ಆ ಗೋಲಿನಲ್ಲಿ ಅಳೆದು ನೋಡಿ.

ಚಿಕ್ಕಪ್ಪ: ಸರಿ, ನಿಮ್ಮ ಕೋರ್ಟು ಆಗ ಏನು ಮಾಡಿತು? ಆರೋಗ್ಯ ಸೇತು ಹಾಕಿಕೊಳ್ಳದಿದ್ದರೆ ಕಚೇರಿಗೆ ಬರಬೇಡಿ ಅಂದದ್ದು ನೆನಪಿದೆ ನನಗೆ.

ಮಗಳು: 2020ರ ಏಪ್ರಿಲ್ 2ಕ್ಕೆ ಬಿಟ್ಟರು. ಮೇ 1ರ ಕೇಂದ್ರ ಗೃಹ ಇಲಾಖೆಯ ಆದೇಶದಲ್ಲಿ ನೌಕರರಿಗೆ ಕಡ್ಡಾಯ ಆಯಿತು, 17ಕ್ಕೆ ಮಾತು ಸಡಿಲವಾಯಿತು. ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ತಜ್ಞರು ನಮ್ಮ ಹೈಕೋರ್ಟಿಗೆ ಹೋದರು. ಅಕ್ಟೋಬರ್‌ನಲ್ಲಿ ನ್ಯಾಯಾಲಯ, ಈ ಆ್ಯಪ್ ಇಲ್ಲ ಅಂತ ಯಾರಿಗೂ ಸರ್ಕಾರಿ ಸೌಲಭ್ಯ ನಿರಾಕರಿಸಬಾರದು ಅಂದಿತು. 2021ರ ಜನವರಿ 25ರಂದು ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ, ತಿಳಿದು ಕೊಟ್ಟ ಒಪ್ಪಿಗೆಯಿಲ್ಲದೆ ಬಳಕೆದಾರರ ಆರೋಗ್ಯ ಮಾಹಿತಿಯನ್ನು ಬೇರೆಯವರಿಗೆ ಕೊಡದಂತೆ ಕೇಂದ್ರವನ್ನೂ ಎನ್‌ಐಸಿಯನ್ನೂ ಮಧ್ಯಂತರವಾಗಿ ತಡೆಯಿತು. ಒಂದು ಒಳ್ಳೆಯ ಅಂಶವನ್ನೂ ಹೇಳಬೇಕು. ಆ ಆ್ಯಪ್ ಬಗ್ಗೆ 2020ರ ಮೇ 11ರಂದು ಹೊರಡಿಸಿದ ನಿಯಮಾವಳಿಯಲ್ಲಿ ಸಂಪರ್ಕದ ಮಾಹಿತಿಯನ್ನು ಸಾಮಾನ್ಯವಾಗಿ 180 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು ಅಂತ ಇತ್ತು. ಆಮೇಲೆ ಸಂಪರ್ಕ ಪತ್ತೆ ನಿಲ್ಲಿಸಿದ್ದೇವೆ, ಮಾಹಿತಿ ಅಳಿಸಿದ್ದೇವೆ ಅಂತ ಸಂಸತ್ತಿಗೆ ಸಚಿವರು ತಿಳಿಸಿದರು. ಅಳಿಸುವ ತಾರೀಖು ಮೊದಲೇ ಬರೆದಿದ್ದರಿಂದ ಅಳಿಸಿದಿರಾ ಅಂತ ಕೇಳಲು ದಾರಿ ಇತ್ತು. ನಿಮ್ಮ ಹತ್ತಿರ ಆ ಕಾಲದ ಪಟ್ಟಿ ಈಗಲೂ ಇರಬೇಕಲ್ಲ?

ಚಿಕ್ಕಪ್ಪ: ಫೋನಿನಲ್ಲಿ ಇರಬಹುದು, ನೋಡೋಣ ತಾಳು. ಹಾಂ, ತಾಲ್ಲೂಕು ಕೋವಿಡ್ ಗುಂಪು. ಇದರಲ್ಲಿ ಪಿಡಿಒಗಳು, ಆಶಾದವರು, ಪೊಲೀಸರು, ಇಬ್ಬರು ಪತ್ರಕರ್ತರು, ಒಬ್ಬ ಆ್ಯಂಬುಲೆನ್ಸ್ ಮಾಲೀಕ. ಈಗ ಬರೀ ಶುಭೋದಯ, ಹಬ್ಬದ ಶುಭಾಶಯ. ಮೇಲೆ ಹೋದರೆ ಎಲ್ಲ ಎಕ್ಸೆಲ್ ಹಾಳೆಗಳೂ ಇವೆ. ಹೆಸರು, ತಂದೆಯ ಹೆಸರು, ಜಾತಿ ಅಂತಲೂ ಒಂದು ಕಾಲಂ ಯಾರೋ ಸೇರಿಸಿದ್ದಾರೆ ನೋಡು. ಅದು ಯಾತಕ್ಕೆ ಬೇಕಿತ್ತೋ!

ಮಗಳು: ಈ ಗುಂಪಿನ ಪ್ರತಿಯೊಬ್ಬರ ಫೋನಿನಲ್ಲೂ ಅದು ಇದೆ, ಹಳೆ ಫೋನ್ ಮಾರಿದವರು ಅದರಲ್ಲೂ ಬಿಟ್ಟಿರಬಹುದು. ಮಾಹಿತಿ ಸೋರಿಕೆ ಅಂದರೆ ಎಲ್ಲರಿಗೂ ನೆನಪಾಗುವುದು 2023ರ ಜೂನ್‌ನ ಗಲಾಟೆ. ಟೆಲಿಗ್ರಾಂನ ಬಾಟ್ ಒಂದಕ್ಕೆ ಫೋನ್ ನಂಬರು ಹಾಕಿದರೆ ಲಸಿಕೆ ಹಾಕಿಸಿಕೊಂಡವರ ಹೆಸರು, ಗುರುತಿನ ಚೀಟಿಯ ಸಂಖ್ಯೆ, ಲಸಿಕೆ ಕೇಂದ್ರ ಎಲ್ಲ ಬರುತ್ತಿತ್ತು. ಕೋವಿನ್ ಪೋರ್ಟಲ್ ಸುರಕ್ಷಿತವಾಗಿದೆ ಅಂತ ಸರ್ಕಾರ ಹೇಳಿಕೆ ಕೊಟ್ಟು ಸರ್ಟ್-ಇನ್‌ಗೆ ತನಿಖೆ ವಹಿಸಿತು. ಅಂಥದ್ದು ಪೇಪರಿನಲ್ಲಿ ಬರುತ್ತದೆ. ನಿಮ್ಮ ಗುಂಪಿನದ್ದು ಬರುವುದಿಲ್ಲ. ಇದನ್ನು ಯಾರೂ ಕದಿಯಲಿಲ್ಲ, ಕೊಟ್ಟವರೇ ಕೊಟ್ಟರು.

ಚಿಕ್ಕಪ್ಪ: ಈಗ ಹೊಸ ಕಾಯಿದೆ ಬಂದಿದೆಯಲ್ಲ, 250 ಕೋಟಿವರೆಗೆ ದಂಡ ಅಂತ ಓದಿದೆ. ಇನ್ನು ಮೇಲೆ ಹೀಗಾಗುವುದಿಲ್ಲ ಬಿಡು.

ಮಗಳು: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ. 2025ರ ನವೆಂಬರ್‌ನಲ್ಲಿ ನಿಯಮ ಪ್ರಕಟಿಸಿ, ಮುಖ್ಯ ಕಲಮುಗಳ ಜಾರಿಗೆ 18 ತಿಂಗಳ ಗಡುವು ಇಟ್ಟರು. 7ನೇ ಕಲಮಿನಲ್ಲಿ, ಸಾಂಕ್ರಾಮಿಕ ಬಂದಾಗ ಚಿಕಿತ್ಸೆಗೋ ಆರೋಗ್ಯ ಸೇವೆಗೋ ಒಪ್ಪಿಗೆಯಿಲ್ಲದೆಯೇ ಮಾಹಿತಿ ಬಳಸಬಹುದು ಅಂತ ಇದೆ. ಅದು ಸರಿಯೇ. ಜ್ವರದಲ್ಲಿ ಬಿದ್ದವನ ಹತ್ತಿರ ಸಹಿ ಹಾಕಿಸಿಕೊಳ್ಳುತ್ತ ಕೂರಲು ಆಗುವುದಿಲ್ಲ. ನನ್ನ ಜಗಳ 17ನೇ ಕಲಮಿನ 4ನೇ ಉಪಕಲಮಿನ ಜೊತೆ. ಕೆಲಸ ಮುಗಿದ ಮೇಲೆ ಮಾಹಿತಿ ಅಳಿಸಬೇಕು, ಅಳಿಸಿ ಅಂತ ಕೇಳುವ ಹಕ್ಕು ಜನರಿಗಿದೆ ಅಂತ ಕಾಯಿದೆ ಹೇಳುತ್ತದೆ. ಈ ಎರಡೂ ಸರ್ಕಾರಕ್ಕೆ ಅನ್ವಯಿಸುವುದಿಲ್ಲ ಅಂತ ಈ ಉಪಕಲಮು ಹೇಳುತ್ತದೆ. ಕಿರಾಣಿ ಆ್ಯಪ್‌ನವರು ಅಳಿಸಬೇಕು, ಕ್ವಾರಂಟೈನ್ ಆ್ಯಪ್‌ನವರು ಅಳಿಸಬೇಕಿಲ್ಲ.

ಚಿಕ್ಕಪ್ಪ: ಇದೆಂಥ ನ್ಯಾಯ ಮಾರಾಯ್ತಿ!

ಮಗಳು: ಇನ್ನೊಂದಿದೆ. ಅದೇ ಕಾಯಿದೆ ಮಾಹಿತಿ ಹಕ್ಕನ್ನೂ ತಿದ್ದಿತು. ವೈಯಕ್ತಿಕ ಮಾಹಿತಿ ಅಂದರೆ ಕೊಡಬೇಕಿಲ್ಲ ಅಂತ ಅಧಿಕಾರಿ ಈಗ ಸುಲಭವಾಗಿ ಹೇಳಬಹುದು. ಎರಡನೇ ಅಲೆಯಲ್ಲಿ ಎಷ್ಟು ಜನ ಸತ್ತರು, ಯಾವ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಯಾರಿಗೆ ಹೋಯಿತು ಅಂತ ಕೇಳಿದರೆ ಖಾಸಗಿತನದ ಹೆಸರು ಹೇಳಿ ಬಾಗಿಲು ಹಾಕಬಹುದು. ಮುಚ್ಚಬೇಕಾದ ರೋಗಿಯ ಮನೆ ನಂಬರು ಬಯಲಿಗೆ, ಬಯಲಾಗಬೇಕಾದ ಸಾವಿನ ಲೆಕ್ಕ ಬೀಗದೊಳಗೆ. ಹೆಸರಿಲ್ಲದ ಅಂಕಿಅಂಶ ಎಷ್ಟು ಬೇಕಾದರೂ ಪ್ರಕಟಿಸಲಿ, ಪ್ರಕಟಿಸಲೇಬೇಕು. ಹೆಸರು ಆ ಬಾಗಿಲಿಗೆ ಹೋಗುವ ಆಶಾ ಕಾರ್ಯಕರ್ತೆಗೆ, ಚಿಕಿತ್ಸೆ ಕೊಡುವ ವೈದ್ಯರಿಗೆ, ನಿಮಗೆ. ಅಲ್ಲಿಗೆ ನಿಲ್ಲಬೇಕು.

ಚಿಕ್ಕಪ್ಪ: ಪೊಲೀಸರಿಗೆ?

ಮಗಳು: ಕ್ವಾರಂಟೈನ್ ಮುರಿದವನು ಸಿಕ್ಕಿದರೆ ಆ ಒಬ್ಬನ ಹೆಸರು. ಇಡೀ ಪಟ್ಟಿ ಅಲ್ಲ.

ಚಿಕ್ಕಪ್ಪ: ಅದು ನಡೆಯುತ್ತದೆ. ಹೇಳಲು ಸುಲಭ, ಆದರೆ ಸಾಂಕ್ರಾಮಿಕ ಬಂದ ದಿನ ಜಿಲ್ಲಾಧಿಕಾರಿ ಬೆಳಗ್ಗೆ 8ಕ್ಕೆ ಮೀಟಿಂಗ್ ಕರೆದು 'ಸಂಜೆಯೊಳಗೆ ಪಟ್ಟಿ ಬೇಕು' ಅಂದರೆ, ಗುಂಪಿಗೆ ಹಾಕುವುದು ಬಿಟ್ಟು ಬೇರೆ ದಾರಿ ನನಗೆ ಇರಲಿಲ್ಲ. ನಿಯಮ ಮೊದಲೇ ಬರೆದಿಟ್ಟರೆ ನನ್ನಂಥವನು 'ಸಾರ್, ಇದಕ್ಕೆ ಅವಕಾಶ ಇಲ್ಲ' ಅನ್ನಬಹುದು. ಬಾಯಿಮಾತಿನಲ್ಲಿ ಮೇಲಧಿಕಾರಿಗೆ ಇಲ್ಲ ಅನ್ನಲು ಆಗುವುದಿಲ್ಲ. ಗಾರ್ಡಿಗೆ ಅಂದೆ, ಯಾಕೆಂದರೆ ಅವನು ನನ್ನ ಇಲಾಖೆಯವನಲ್ಲ.

ಮಗಳು: ಹಾಗೆ ಬರೆಯಲು ದೆಹಲಿಗೆ ಹೋಗಬೇಕಿಲ್ಲ. ಸಾರ್ವಜನಿಕ ಆರೋಗ್ಯ ಸಂವಿಧಾನದ ರಾಜ್ಯಪಟ್ಟಿಯಲ್ಲಿದೆ. ನಮ್ಮದೇ ಕರ್ನಾಟಕ ಸಾಂಕ್ರಾಮಿಕ ರೋಗಗಳ ಅಧಿನಿಯಮ 2020ರಲ್ಲೇ ಬಂದಿದೆ. ಏಪ್ರಿಲ್‌ನಲ್ಲಿ ಸುಗ್ರೀವಾಜ್ಞೆಯಾಗಿ ತಂದು ಆಮೇಲೆ ಕಾಯಿದೆ ಮಾಡಿದರು. ಕೆಲಸಕ್ಕೆ ಅಡ್ಡಿಪಡಿಸಿದವರಿಗೆ, ಕೈಮಾಡಿದವರಿಗೆ ಅದರಲ್ಲಿ ಶಿಕ್ಷೆ ಇದೆ. ಅದಕ್ಕೊಂದು ಕಲಮು ಸೇರಿಸಿದರೆ ಸಾಕು: ಸಾಂಕ್ರಾಮಿಕಕ್ಕೆ ಅಂತ ಸಂಗ್ರಹಿಸಿದ್ದನ್ನು ಬೇರೆ ಇಲಾಖೆಗೆ ಕೊಡಬಾರದು, ಗುರುತು ಸಿಗುವಂತೆ ಪ್ರಕಟಿಸಬಾರದು, ಸಂಗ್ರಹಿಸುವ ಆದೇಶದಲ್ಲೇ ಅಳಿಸುವ ತಾರೀಖು ಇರಬೇಕು, ಅಳಿಸಿದ್ದೇವೆ ಅಂತ ವಿಧಾನಮಂಡಲದ ಮುಂದೆ ವರದಿ ಇಡಬೇಕು.

ಚಿಕ್ಕಪ್ಪ: ಸರಿ, ಅದನ್ನು ಅರ್ಜಿಯ ರೂಪದಲ್ಲಿ ಕನ್ನಡದಲ್ಲಿ ಬರೆದುಕೊಡು, ಇಂಗ್ಲಿಷಿನಲ್ಲಿ ಬೇಡ. ನಮ್ಮ ಶಾಸಕರಿಗೆ ನಾನೇ ಕೊಡುತ್ತೇನೆ, ನಿವೃತ್ತ ನೌಕರರ ಸಂಘದವರ ಸಹಿ ಹಾಕಿಸಿ. ಆರೋಗ್ಯ ಸಚಿವರಿಗೆ ಒಂದು ಪ್ರತಿ ಹೋಗಲಿ. ಸೇವೆಯಲ್ಲಿದ್ದಾಗ ಇಂಥದ್ದು ಬರೆದರೆ ನೋಟಿಸು ಬರುತ್ತಿತ್ತು, ಈಗ ಪಿಂಚಣಿ ಬರುತ್ತದೆ, ಹೆದರಿಕೆಯಿಲ್ಲ. ಮುಂದಿನ ಕಾಯಿಲೆ ಬಂದ ಮೇಲೆ ಬರೆದರೆ ಯಾರೂ ಓದುವುದಿಲ್ಲ, ಈ ಅಧಿವೇಶನಕ್ಕೇ ಹೋಗಬೇಕು.